ಕಂಬಗಳ ಮೇಲೆ ನಿಂತ ಮನೆಗಳು

ಮೈಸೂರಿನ ರಾಜೀವನಗರದಂಥ ಬಡಾವಣೆಯಲ್ಲಿ ಒಂದು ಸುತ್ತು ನಡೆದು ಬನ್ನಿ. ನೆಲದ ಅಂತಸ್ತನ್ನು ವಾಹನಗಳಿಗೋ ಅಂಗಡಿಗೋ ಬಿಟ್ಟುಕೊಟ್ಟು, ಬರಿಯ ಕಂಬಗಳ ಮೇಲೆ ಎರಡು ಮೂರು ಅಂತಸ್ತು ಹೊತ್ತ ಕಾಂಕ್ರೀಟು ಮನೆಗಳು ಕಣ್ಣಿಗೆ ಬೀಳುತ್ತವೆ. ನೆಲ ನಡುಗಿದರೆ ಇವು ಏನಾದಾವು?

ನಮ್ಮೂರಿಗೆ ಭೂಕಂಪವೆಲ್ಲಿಯದು ಎಂದು ತಾವು ಕೇಳಬಹುದು. 2002ರ ನಕ್ಷೆಯು ಮೈಸೂರನ್ನು ಅಪಾಯ ಕಡಿಮೆಯಿರುವ ಎರಡನೆಯ ವಲಯದಲ್ಲಿಟ್ಟಿತೆಂಬುದು ನಿಜ. ಆದರೆ 1843ರಲ್ಲಿ ಬಳ್ಳಾರಿ ಸೀಮೆಯೂ 1900ರಲ್ಲಿ ಕೊಯಮತ್ತೂರು ಸೀಮೆಯೂ ನಡುಗಿದ್ದುಂಟು. 2022ರಲ್ಲಿ ಕೊಡಗಿನವರು ಸಣ್ಣ ಕಂಪನಗಳನ್ನು ಮೇಲಿಂದ ಮೇಲೆ ಕಂಡರು.

ಭೂಕಂಪವನ್ನು ಲೆಕ್ಕಕ್ಕೆ ಹಿಡಿದು ಕಟ್ಟುವ ನಿಯಮಗಳನ್ನು ಭಾರತೀಯ ಮಾನಕ ಸಂಸ್ಥೆ ಮೊದಲು ಪ್ರಕಟಿಸಿದ್ದು 1962ರಲ್ಲಿ. 1967ರ ಡಿಸೆಂಬರ್ 11ರಂದು ಕೊಯ್ನಾ ನಡುಗಿ, ಗಟ್ಟಿ ನೆಲವೆಂದು ನಂಬಿದ್ದ ದಖ್ಖಣದ ವಿಷಯದಲ್ಲೂ ಸಂದೇಹ ಹುಟ್ಟಿತು. 1970ರಲ್ಲಿ ನಕ್ಷೆಯನ್ನು ತಿದ್ದಿದರು. ಕಾಂಕ್ರೀಟಿನೊಳಗಣ ಕಬ್ಬಿಣವನ್ನು ಕಂಪನಕ್ಕೆ ತಕ್ಕಂತೆ ಕಟ್ಟುವ ಪ್ರತ್ಯೇಕ ಸಂಹಿತೆ ಬಂದದ್ದು ಮಾತ್ರ 1993ರಲ್ಲಿ. ಅದಕ್ಕೂ ಹಿಂದಿನ ಕಟ್ಟಡಗಳ ಚಿಂತೆ ಇಲ್ಲಿಯೇ ಇದೆ.

ಕಂಬದ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳನ್ನು ತಾವು ನೋಡಿದ್ದೀರಿ. ಹಿಂದೆ ಅವುಗಳ ತುದಿಯನ್ನು ಮೂಲೆಮಟ್ಟಕ್ಕೆ, ಎಂದರೆ 90 ಡಿಗ್ರಿಗೆ, ಬಾಗಿಸಿ ಬಿಡುತ್ತಿದ್ದರು. ಜೋರಾಗಿ ಅಲುಗಿದಾಗ ಹೊರಗಿನ ಕಾಂಕ್ರೀಟು ಉದುರಿ, ರಿಂಗು ಬಿಚ್ಚಿಕೊಂಡು, ಕಂಬಿಗಳು ಹೊರಕ್ಕೆ ಬಾಗಿ ಕಂಬ ಜಜ್ಜಿಹೋಗುತ್ತದೆ. ಹೊಸ ಸಂಹಿತೆ ತುದಿಯನ್ನು 135 ಡಿಗ್ರಿಗೆ ಬಾಗಿಸಿ ಕಂಬದ ಒಡಲೊಳಗೆ ತೂರಿಸಬೇಕೆಂದಿತು. ತೊಲೆ ಕೂಡುವೆಡೆ ರಿಂಗುಗಳನ್ನು ಒತ್ತೊತ್ತಾಗಿ ಇಡಬೇಕೆಂದಿತು. ಕಂಬ ಎಂಬುದು ಸ್ತಂಭದ ತದ್ಭವವೆಂದು ತರಗತಿಯಲ್ಲಿ ಹೇಳಿಕೊಡುತ್ತೇವೆ. ಭೂಕಂಪದಲ್ಲಾದರೋ ಸ್ತಂಭಿಸಿ ನಿಲ್ಲುವ ಕಂಬಕ್ಕಿಂತ ಮುರಿಯದೆ ಬಾಗಬಲ್ಲ ಕಂಬವೇ ಮೇಲು!

2001ರ ಜನವರಿ 26ರ ಭುಜ್ ಭೂಕಂಪದಲ್ಲಿ, 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಮನೆಗಳು ಕುಸಿದವು. ಅನೇಕವು ಕೆಳಗೆ ವಾಹನಗಳಿಗಾಗಿ ಗೋಡೆಯಿಲ್ಲದೆ ಬಿಟ್ಟಂಥವು. ಮೇಲಿನ ಅಂತಸ್ತುಗಳನ್ನು ಗೋಡೆಗಳು ಬಿಗಿಹಿಡಿದಿರುವುದರಿಂದ ಓಲಾಟವೆಲ್ಲ ಕೆಳಗಿನ ಬರಿಗಂಬಗಳ ಪಾಲಿಗೆ ಬರುತ್ತದೆ.

ಹಳೆಯ ಕಾಂಕ್ರೀಟು ಕಟ್ಟಡಗಳನ್ನು ಪರೀಕ್ಷಿಸಿ ಬಲಪಡಿಸುವ ಸಂಹಿತೆ 2013ರಲ್ಲಿ ಬಂದಿತು. ಎಂಜಿನಿಯರು ಮೊದಲು ಕೇಳುವುದು ಕಟ್ಟಿದ ವರ್ಷ, ನಕ್ಷೆ, ಆಮೇಲೆ ಏರಿಸಿದ ಅಂತಸ್ತು. ನಂತರ ಸುತ್ತಿಗೆಯಂಥ ಉಪಕರಣದಿಂದ ತಟ್ಟಿ ನೋಡುತ್ತಾರೆ. ಬೇಕಾದರೆ ಕಾಂಕ್ರೀಟಿನ ತುಂಡು ಕೊರೆದು ತೆಗೆಯುತ್ತಾರೆ. ಕಂಬಿಯ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ ಒಳಗೆ ತುಕ್ಕು ಹಿಡಿದಿರುವ ಸಂಭವವೇ ಹೆಚ್ಚು. ಅದಕ್ಕೆ ಗಾರೆ ಮೆತ್ತಿ ಸುಣ್ಣ ಬಳಿದರೆ ಗುರುತು ಮರೆಯಾದೀತು, ಅಷ್ಟೆ. ಸೋತ ಕಂಬಕ್ಕೆ ಹೊಸ ಕಂಬಿ, ರಿಂಗು ಸುತ್ತಿ ಕಾಂಕ್ರೀಟಿನ ಕವಚ ತೊಡಿಸಬಹುದು. ಬಯಲು ಅಂತಸ್ತಿನಲ್ಲಿ ಎರಡೂ ದಿಕ್ಕಿಗೆ ಕೆಲವು ಕಾಂಕ್ರೀಟು ಗೋಡೆಗಳನ್ನು ಎಬ್ಬಿಸಬಹುದು. ಮೇಲೆ ಇನ್ನೊಂದು ಅಂತಸ್ತು ಎತ್ತುವ ಯೋಚನೆಯಿದ್ದವರು ಈ ಪರೀಕ್ಷೆಯನ್ನು ಮೊದಲು ಮಾಡಿಸಬೇಕು, ಇಟ್ಟಿಗೆ ತರಿಸಿದ ಮೇಲಲ್ಲ.