ತೆರವು ಆದೇಶದ ವಿರುದ್ಧ ಮೇಲ್ಮನವಿ (ಬೆಂಗಳೂರು)

ತೆರವು ಆದೇಶದ ವಿರುದ್ಧ ಮೇಲ್ಮನವಿ ಎಂದರೆ ಬಾಡಿಗೆಗೆ ಪಡೆದ ಮನೆ ಅಥವಾ ಅಂಗಡಿಯನ್ನು ಮಾಲೀಕರಿಗೆ ಬಿಟ್ಟುಕೊಡುವಂತೆ ನ್ಯಾಯಾಲಯ ನೀಡಿದ ಆದೇಶವನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸುವ ಕ್ರಮ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಈ ಪ್ರಶ್ನೆಯು ಯಾವ ನ್ಯಾಯಾಲಯಕ್ಕೆ ಹೋಗುತ್ತದೆ ಎಂಬುದು ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ: ಆದೇಶವು ಯಾವ ಕಾಯ್ದೆಯಡಿ ಹೊರಟಿದೆ ಮತ್ತು ಅದನ್ನು ಯಾವ ನ್ಯಾಯಾಲಯ ನೀಡಿದೆ. ಆಡುಮಾತಿನಲ್ಲಿ ಇದನ್ನು 'ಅಪೀಲು' ಎನ್ನುವುದು ರೂಢಿಯಾದರೂ, ಹಲವು ತೆರವು ಆದೇಶಗಳ ವಿರುದ್ಧ ಕಾನೂನಿನಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ. ಪುನರೀಕ್ಷಣಾ ಅರ್ಜಿಗೆ (ರಿವಿಷನ್) ಮಾತ್ರ ಅವಕಾಶವಿದೆ.

ಅನ್ವಯವಾಗುವ ಕಾನೂನು

ಕರ್ನಾಟಕ ಬಾಡಿಗೆ ಕಾಯ್ದೆ, 1999 ಹಿಂದಿನ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಇದು ಎಲ್ಲ ಕಟ್ಟಡಗಳಿಗೂ ಅನ್ವಯಿಸುವುದಿಲ್ಲ. ಬೆಂಗಳೂರು ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಗಿಂತ ಹೆಚ್ಚಿರುವ ಕಟ್ಟಡಗಳು ಕಾಯ್ದೆಯ ಹೊರಗಿವೆ. ವಾಣಿಜ್ಯ ಬಳಕೆಯ ಮಳಿಗೆಗಳ ಪೈಕಿ ತಳ ವಿಸ್ತೀರ್ಣ 14 ಚದರ ಮೀಟರ್ (ಸುಮಾರು 150 ಚದರ ಅಡಿ) ಮೀರದವು ಮಾತ್ರ ಇದರ ರಕ್ಷಣೆಗೆ ಒಳಪಡುತ್ತವೆ.

ಉದಾಹರಣೆಗೆ, ರಾಜಾಜಿನಗರದಲ್ಲಿ 10 ಅಡಿ ಅಗಲ, 12 ಅಡಿ ಉದ್ದದ ಅಂಗಡಿಯ ವಿಸ್ತೀರ್ಣ ಸುಮಾರು 11 ಚದರ ಮೀಟರ್. ಬಾಡಿಗೆ 3,000 ರೂಪಾಯಿ ಇದ್ದರೆ ಅದು ಬಾಡಿಗೆ ಕಾಯ್ದೆಗೆ ಒಳಪಡುತ್ತದೆ. ಅದೇ ಅಂಗಡಿಯ ಬಾಡಿಗೆ 9,000 ರೂಪಾಯಿ ಇದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ಮೊದಲ ಸಂದರ್ಭದಲ್ಲಿ ಮಾಲೀಕರು ಬಾಡಿಗೆ ಕಾಯ್ದೆಯ 27ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು, ಅಂದರೆ ಬಾಡಿಗೆ ಬಾಕಿ, ಒಳಬಾಡಿಗೆ, ಸ್ವಂತ ಅಗತ್ಯ ಮುಂತಾದುದನ್ನು, ಸಾಬೀತುಪಡಿಸಬೇಕು. ಎರಡನೆಯದರಲ್ಲಿ ಬೇರೆ ಕರಾರಿಲ್ಲದಿದ್ದರೆ, ಮಾಸಿಕ ಬಾಡಿಗೆದಾರಿಕೆಯನ್ನು 106ನೇ ಕಲಮಿನಂತೆ 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ಕಾರಣ ತೋರಿಸುವ ಅಗತ್ಯವಿಲ್ಲ.

ಅಧಿಕಾರ ವ್ಯಾಪ್ತಿ

ಬಾಡಿಗೆ ಕಾಯ್ದೆಯಡಿಯ ಆದೇಶ: ಬೆಂಗಳೂರು ನಗರದಲ್ಲಿ ತೆರವಿನ ಅರ್ಜಿಯನ್ನು ಲಘು ವ್ಯವಹಾರಗಳ ನ್ಯಾಯಾಲಯ (ಸ್ಮಾಲ್ ಕಾಸಸ್ ಕೋರ್ಟ್) ವಿಚಾರಿಸುತ್ತದೆ. ಅದರ ಆದೇಶವನ್ನು 46ನೇ ಕಲಮಿನಡಿ ಪುನರೀಕ್ಷಣಾ ಅರ್ಜಿಯ ಮೂಲಕ ನೇರವಾಗಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬೇಕು. ಅರ್ಜಿ ವಜಾಗೊಂಡ ಮಾಲೀಕರಿಗೂ ಇದೇ ದಾರಿ.

ಲಘು ವ್ಯವಹಾರ ದಾವೆಯ ಡಿಕ್ರಿ: ಬಾಡಿಗೆ ಕಾಯ್ದೆಯ ಹೊರಗಿನ ಕಟ್ಟಡದ ವಿಷಯದಲ್ಲಿ, ಗುತ್ತಿಗೆಯ ಅವಧಿ ಮುಗಿದಿದೆಯೇ ಅಥವಾ ನೋಟಿಸಿನಿಂದ ಕೊನೆಗೊಂಡಿದೆಯೇ ಎಂಬುದಷ್ಟೇ ಮುಖ್ಯ ವಿವಾದವಾಗಿದ್ದು, ದಾವೆಯು ಹಣಕಾಸಿನ ಮಿತಿಯೊಳಗಿದ್ದರೆ ಇದೇ ನ್ಯಾಯಾಲಯ ವಿಚಾರಣೆ ನಡೆಸಬಹುದು. ಇದರ ಡಿಕ್ರಿಯ ವಿರುದ್ಧ 1964ರ ಕರ್ನಾಟಕ ಲಘು ವ್ಯವಹಾರಗಳ ನ್ಯಾಯಾಲಯಗಳ ಕಾಯ್ದೆಯ 18ನೇ ಕಲಮಿನಂತೆ ಉಚ್ಚ ನ್ಯಾಯಾಲಯದಲ್ಲಿ ಪುನರೀಕ್ಷಣೆ ಕೋರಬೇಕು.

ನಗರ ಸಿವಿಲ್ ನ್ಯಾಯಾಲಯದ ಡಿಕ್ರಿ: ಒಡೆತನದ ವಿವಾದ ಇರುವ ಅಥವಾ ಹಣಕಾಸಿನ ಮಿತಿ ಮೀರಿದ ದಾವೆಗಳು ಈ ನ್ಯಾಯಾಲಯಕ್ಕೆ ಬರುತ್ತವೆ. ಇಲ್ಲಿನ ಡಿಕ್ರಿಗೆ ಮಾತ್ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನಡಿ ಪೂರ್ಣ ಪ್ರಮಾಣದ ಮೊದಲ ಮೇಲ್ಮನವಿ ಉಚ್ಚ ನ್ಯಾಯಾಲಯದಲ್ಲಿ ಲಭ್ಯ. ಅವಧಿ 90 ದಿನ.

ನಗರದ ಅಂಚಿನ ಪ್ರದೇಶಗಳು: ಕೆಂಗೇರಿಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರುವ ಮೊದಲು ಪ್ರತ್ಯೇಕ ಪುರಸಭೆಯಾಗಿತ್ತು. ಇಂತಹ ಪ್ರದೇಶಗಳ ಪ್ರಕರಣದಲ್ಲಿ ಆದೇಶದ ಶಿರೋಭಾಗದಲ್ಲಿ ನಮೂದಾದ ನ್ಯಾಯಾಲಯವೇ ಮುಂದಿನ ದಾರಿಯನ್ನು ತೋರಿಸುತ್ತದೆ. ಜಿಲ್ಲಾ ನ್ಯಾಯಾಲಯದ ಅಧೀನದ ಸಿವಿಲ್ ನ್ಯಾಯಾಧೀಶರ ಡಿಕ್ರಿಯಾದರೆ ಮೊದಲ ಮೇಲ್ಮನವಿಯು ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯಕ್ಕೆ, 30 ದಿನಗಳೊಳಗೆ, ಸಲ್ಲಬೇಕು.

ಸಾರ್ವಜನಿಕ ಕಟ್ಟಡಗಳು: ಸರ್ಕಾರಿ ಸ್ವತ್ತಿನಿಂದ ಸಕ್ಷಮ ಅಧಿಕಾರಿಯು 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ಹೊರಡಿಸಿದ ತೆರವು ಆದೇಶದ ವಿರುದ್ಧ ಜಿಲ್ಲಾ ನ್ಯಾಯಾಧೀಶರ ದರ್ಜೆಯಲ್ಲಿ ಮೇಲ್ಮನವಿ ಇದೆ. ಕೇಂದ್ರ ಸರ್ಕಾರದ ಸ್ವತ್ತುಗಳಿಗೆ 1971ರ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಮೇಲ್ಮನವಿಯ ಅವಧಿ ಕೇವಲ 12 ದಿನ.

ಮೇಲ್ಮನವಿ ಮತ್ತು ಪುನರೀಕ್ಷಣೆಯ ವ್ಯತ್ಯಾಸ

ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನು ಮತ್ತೆ ಅಳೆದು ನೋಡಿ ಬೇರೆ ತೀರ್ಮಾನಕ್ಕೆ ಬರಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಪುನರೀಕ್ಷಣೆಯ ವ್ಯಾಪ್ತಿ ಇದಕ್ಕಿಂತ ಕಿರಿದು. ಹಿಂದೂಸ್ತಾನ್ ಪೆಟ್ರೋಲಿಯಂ ಕಾರ್ಪೊರೇಷನ್ ವಿರುದ್ಧ ದಿಲ್‌ಬಹಾರ್ ಸಿಂಗ್ ಪ್ರಕರಣದಲ್ಲಿ (2014) ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ತಮಿಳುನಾಡು, ಕೇರಳ ಮತ್ತು ಹರಿಯಾಣದ ಬಾಡಿಗೆ ಕಾಯ್ದೆಗಳನ್ನು ಪರಿಶೀಲಿಸಿ, ಪುನರೀಕ್ಷಣೆ ನಡೆಸುವ ನ್ಯಾಯಾಲಯವು ಮೇಲ್ಮನವಿ ನ್ಯಾಯಾಲಯದಂತೆ ಸಾಕ್ಷ್ಯವನ್ನು ಮರುತೂಗುವಂತಿಲ್ಲ ಎಂದು ತೀರ್ಮಾನಿಸಿತು. ಕೆಳ ನ್ಯಾಯಾಲಯದ ನಿರ್ಣಯವು ಸಾಕ್ಷ್ಯಾಧಾರವಿಲ್ಲದ್ದು, ವಿಪರೀತವಾದುದು ಅಥವಾ ಕಾನೂನಿಗೆ ವಿರುದ್ಧವಾದುದು ಆಗಿದ್ದಾಗ ಮಾತ್ರ ಮಧ್ಯಪ್ರವೇಶ ಸಾಧ್ಯ. ಆದ್ದರಿಂದ ಬಾಡಿಗೆ ರಸೀದಿ, ಕರಾರು ಪತ್ರ, ಬ್ಯಾಂಕ್ ಪಾವತಿಯ ದಾಖಲೆ ಮುಂತಾದವು ಮೊದಲ ವಿಚಾರಣೆಯಲ್ಲೇ ದಾಖಲಾಗಿರುವುದು ನಿರ್ಣಾಯಕವಾಗುತ್ತದೆ.

ಬಾಡಿಗೆ ಠೇವಣಿ ಮತ್ತು ತಡೆಯಾಜ್ಞೆ

ಬಾಡಿಗೆ ಕಾಯ್ದೆಯ 45ನೇ ಕಲಮಿನ ಪ್ರಕಾರ, ಬಾಕಿ ಬಾಡಿಗೆಯನ್ನು ಪಾವತಿಸದ ಅಥವಾ ಠೇವಣಿ ಇಡದ ಬಾಡಿಗೆದಾರರಿಗೆ ತೆರವಿನ ಅರ್ಜಿಯನ್ನು ವಿರೋಧಿಸುವ ಹಕ್ಕಾಗಲಿ, ಪುನರೀಕ್ಷಣಾ ಅರ್ಜಿಯನ್ನು ನಡೆಸುವ ಹಕ್ಕಾಗಲಿ ಇರುವುದಿಲ್ಲ. ಪ್ರಕರಣ ಮುಗಿಯುವವರೆಗೂ ಬಾಡಿಗೆ ಪಾವತಿ ಮುಂದುವರಿಯಬೇಕು.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ತೆರವು ನಿಲ್ಲುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 5ರಡಿ ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೋರಬೇಕು. ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದ 2004ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ತಡೆಯಾಜ್ಞೆ ನೀಡುವಾಗ ಹಳೆಯ ಬಾಡಿಗೆಗಿಂತ ಹೆಚ್ಚಿನ, ಮಾರುಕಟ್ಟೆ ದರಕ್ಕೆ ಸಮೀಪವಾದ ಮೊತ್ತವನ್ನು ಕಟ್ಟುವಂತೆ ಷರತ್ತು ವಿಧಿಸಬಹುದು ಎಂದು ಹೇಳಿತು. ಹಳೆಯ ಕಡಿಮೆ ಬಾಡಿಗೆಯಲ್ಲಿರುವವರಿಗೆ ಈ ಷರತ್ತು ಮೇಲ್ಮನವಿಯ ನಿಜವಾದ ವೆಚ್ಚವಾಗಿ ಪರಿಣಮಿಸಬಹುದು.

ಏಕಪಕ್ಷೀಯ ಡಿಕ್ರಿ

ಸಿವಿಲ್ ದಾವೆಯಲ್ಲಿ ಪ್ರತಿವಾದಿಯ ಗೈರುಹಾಜರಿಯಲ್ಲಿ ಡಿಕ್ರಿಯಾಗಿದ್ದರೆ ಅದನ್ನು ರದ್ದುಪಡಿಸಲು ಅದೇ ನ್ಯಾಯಾಲಯಕ್ಕೆ ಆದೇಶ 9, ನಿಯಮ 13ರಡಿ ಅರ್ಜಿ ಸಲ್ಲಿಸಬಹುದು. ಅವಧಿ ಡಿಕ್ರಿಯ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ ಆರಂಭವಾಗುತ್ತದೆ.

ಅಂತಿಮ ಹಂತ ಮತ್ತು ಕಾನೂನು ನೆರವು

ಉಚ್ಚ ನ್ಯಾಯಾಲಯದ ತೀರ್ಪಿನ ವಿರುದ್ಧ ಸಂವಿಧಾನದ 136ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯದ ವಿಶೇಷ ಅನುಮತಿ ಕೋರಬಹುದು. ಇದು ಹಕ್ಕಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ವಕೀಲರ ನೆರವಿಗೆ ಅರ್ಹರು.