ಬೆಂಗಳೂರಿನ ಕುದುರೆ ಪಂದ್ಯಗಳು ಮತ್ತು ವಸಂತಕಾಲ

ಬೆಂಗಳೂರಿನ ಕುದುರೆ ಪಂದ್ಯಗಳು ವರ್ಷದಲ್ಲಿ ಎರಡು ಅವಧಿಗಳಲ್ಲಿ ನಡೆಯುತ್ತವೆ. ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗಿನದು ಚಳಿಗಾಲದ ಅವಧಿ; ಮೇ ಮಧ್ಯದಿಂದ ಆಗಸ್ಟ್‌ವರೆಗಿನದು ಬೇಸಿಗೆ ಅವಧಿ. ಇವೆರಡರ ನಡುವಿನ ಬಿಡುವು ಚೈತ್ರ ಮತ್ತು ವೈಶಾಖ ಮಾಸಗಳ ವಸಂತ ಋತುವಿನೊಂದಿಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ನಗರದ ಅತಿ ಹೆಚ್ಚಿನ ಬಿಸಿಲು, ಮುಂಗಾರು ಪೂರ್ವದ ಗುಡುಗು ಮಳೆ, ಯುಗಾದಿ, ಬೆಂಗಳೂರು ಕರಗ, ಹಲಸೂರಿನ ರಥೋತ್ಸವ ಮತ್ತು ಪಲ್ಲಕ್ಕಿ ಉತ್ಸವಗಳು ಈ ಅವಧಿಯಲ್ಲಿಯೇ ಬರುತ್ತವೆ. ಪಂದ್ಯಗಳ ಮೂಲ ಬೆಂಗಳೂರು ದಂಡು ಪ್ರದೇಶದ ಸೈನಿಕ ಜೀವನದಲ್ಲಿದೆ. ಅವು ನಡೆಯುವ ಮೈದಾನದ ಭವಿಷ್ಯ ಕೆಲವು ದಶಕಗಳಿಂದ ಸಾರ್ವಜನಿಕ ಚರ್ಚೆಯ ವಿಷಯವಾಗಿದೆ.

ಹಿನ್ನೆಲೆ

ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೇನಾ ನೆಲೆಯನ್ನು ಬೆಂಗಳೂರಿಗೆ ವರ್ಗಾಯಿಸಿ, 1809ರಲ್ಲಿ ಹಲಸೂರಿನ ಸಮೀಪ ದಂಡು ಪ್ರದೇಶವನ್ನು ಸ್ಥಾಪಿಸಿದರು. ಅಶ್ವದಳ, ಫಿರಂಗಿ ದಳ ಹಾಗೂ ಸಾಗಣೆ ಕೆಲಸಗಳಿಗೆ ಕುದುರೆ ಅನಿವಾರ್ಯವಾಗಿದ್ದ ಕಾಲವದು. ಇಂದಿನ ಕಾಮರಾಜ ರಸ್ತೆಗೆ ಹಿಂದೆ ಇದ್ದ ಕ್ಯಾವಲ್ರಿ ರಸ್ತೆ ಎಂಬ ಹೆಸರು ಆ ಕಾಲದ ನೆನಪನ್ನು ಉಳಿಸಿಕೊಂಡಿತ್ತು.

ಇರಾನಿನ ಶಿರಾಜ್ ನಗರದ ಕುದುರೆ ವ್ಯಾಪಾರಿ ಆಗಾ ಅಲಿ ಅಸ್ಕರ್ 1824ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, ಬ್ರಿಟಿಷ್ ಅಧಿಕಾರಿಗಳಿಗೆ ಕುದುರೆಗಳನ್ನು ಪೂರೈಸಿದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರೊಂದಿಗೆ ಅಸ್ಕರ್ ಅವರಿಗೆ ನಿಕಟ ಸಂಬಂಧವಿತ್ತು. ದಂಡಿನ ಅಲಿ ಅಸ್ಕರ್ ರಸ್ತೆಗೆ ಅವರ ಹೆಸರೇ ಇದೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಅಸ್ಕರ್ ಅವರ ಮೊಮ್ಮಗ. ಕಬ್ಬನ್ ಅವರ ಅಶ್ವಾರೂಢ ಪ್ರತಿಮೆಯು ಬಹುಕಾಲ ಕಬ್ಬನ್ ಉದ್ಯಾನದ ಹೈಕೋರ್ಟ್ ಆವರಣದಲ್ಲಿದ್ದು, 2020ರಲ್ಲಿ ರಾಜಭವನಕ್ಕೆ ಸ್ಥಳಾಂತರಗೊಂಡಿತು.

ಕುದುರೆ ಪಂದ್ಯ ಮತ್ತು ಪೋಲೋ 19ನೆಯ ಶತಮಾನದ ದಂಡಿನ ಅಧಿಕಾರಿಗಳ ಮುಖ್ಯ ವಿನೋದಗಳಾಗಿದ್ದವು. 1896ರ ಅಕ್ಟೋಬರ್‌ನಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದೊಂದಿಗೆ ಇಲ್ಲಿಗೆ ಬಂದ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಬಿಡುವಿನ ವೇಳೆಯ ಬಹುಭಾಗವನ್ನು ಪೋಲೋ ಆಟದಲ್ಲಿ ಕಳೆದರು. ಅವರಿದ್ದ ತಂಡ 1899ರಲ್ಲಿ ಮೀರತ್‌ನಲ್ಲಿ ನಡೆದ ಅಂತರ ರೆಜಿಮೆಂಟ್ ಪಂದ್ಯಾವಳಿಯನ್ನು ಗೆದ್ದಿತು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ಕಾಳಗದಲ್ಲಿ ಪಾಲ್ಗೊಂಡಿತ್ತು. ಅದರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ.

ಸೈನ್ಯದ ಹೊರಗೂ ಕುದುರೆ ನಗರಜೀವನದ ಭಾಗವಾಗಿತ್ತು. ಆಟೋರಿಕ್ಷಾ ಬರುವ ಮೊದಲು ದಂಡು ರೈಲು ನಿಲ್ದಾಣ ಮತ್ತು ಶಿವಾಜಿನಗರದ ಸುತ್ತಮುತ್ತ ಜಟಕಾ ಬಂಡಿಗಳೇ ಸಾಮಾನ್ಯ ಜನರ ವಾಹನವಾಗಿದ್ದವು. ಲಾಳ ಹೊಡೆಯುವವರು, ಹುಲ್ಲು ಮತ್ತು ಹುರುಳಿ ಮಾರುವವರು, ಜೀನು ಹೊಲಿಯುವವರು ಈ ವೃತ್ತಿಯನ್ನು ಅವಲಂಬಿಸಿದ್ದರು.

ಮೈದಾನ ಮತ್ತು ವಾರ್ಷಿಕ ಕ್ರಮ

ಪಂದ್ಯದ ಮೈದಾನವು ಹೈಗ್ರೌಂಡ್ಸ್ ಪ್ರದೇಶದಲ್ಲಿ, ಹಳೆಯ ಪೇಟೆಗೂ ದಂಡಿಗೂ ನಡುವಿನ ಎತ್ತರದ ನೆಲದಲ್ಲಿ ಸುಮಾರು 85 ಎಕರೆ ವಿಸ್ತಾರದಲ್ಲಿದೆ. ಪಂದ್ಯಗಳನ್ನು ನಡೆಸುವ ಬೆಂಗಳೂರು ಟರ್ಫ್ ಕ್ಲಬ್ 1962ರಲ್ಲಿ ಕಂಪನಿಯಾಗಿ ನೋಂದಣಿಯಾಯಿತು. ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯ್ದೆ, 1952ರ ಅನ್ವಯ ಪಂದ್ಯಗಳಿಗೆ ರಾಜ್ಯ ಸರ್ಕಾರದ ಪರವಾನಗಿ ಅಗತ್ಯ. ಮೈದಾನದ ಪಕ್ಕದ ರೇಸ್ ಕೋರ್ಸ್ ರಸ್ತೆಗೆ 2023ರ ಮಾರ್ಚ್‌ನಲ್ಲಿ ನಟ ಅಂಬರೀಶ್ ಅವರ ಹೆಸರನ್ನು ಇಡಲಾಯಿತು.

ವರ್ಷದ ಮುಖ್ಯ ಸ್ಪರ್ಧೆಗಳು ಎರಡು ಡರ್ಬಿಗಳು. ಚಳಿಗಾಲದ ಡರ್ಬಿ ಸಾಮಾನ್ಯವಾಗಿ ಜನವರಿ ಕೊನೆಯಲ್ಲಿ ಅಥವಾ ಫೆಬ್ರವರಿಯಲ್ಲಿ ನಡೆಯುತ್ತದೆ. ಬೇಸಿಗೆ ಅವಧಿಯ ಡರ್ಬಿ ಜುಲೈನಲ್ಲಿ ನಡೆಯುತ್ತದೆ. ಬೇಸಿಗೆ ಎಂಬ ಹೆಸರಿದ್ದರೂ ಎರಡನೆಯ ಅವಧಿಯ ಬಹುಭಾಗ ಮುಂಗಾರು ಮಳೆಯಲ್ಲಿಯೇ ಕಳೆಯುತ್ತದೆ.

ವಸಂತದ ಹೊಸ್ತಿಲಲ್ಲಿ ಬರುವ ರಾಷ್ಟ್ರೀಯ ಸ್ಪರ್ಧೆಯೆಂದರೆ ಇಂಡಿಯನ್ ಟರ್ಫ್ ಇನ್ವಿಟೇಷನ್ ಕಪ್. ದೇಶದ ಪ್ರಮುಖ ಟರ್ಫ್ ಸಂಸ್ಥೆಗಳು ಇದನ್ನು ಸರದಿಯಂತೆ ಆಯೋಜಿಸುತ್ತವೆ. ಬೆಂಗಳೂರಿನ ಸರದಿ ಬಂದಾಗ ಮುಂಬಯಿ, ಪುಣೆ, ಹೈದರಾಬಾದ್, ಕೋಲ್ಕತ್ತಾ, ಚೆನ್ನೈಗಳ ಕುದುರೆಗಳು ಹೈಗ್ರೌಂಡ್ಸ್ ಲಾಯಗಳಿಗೆ ಬರುತ್ತವೆ. ಮುಖ್ಯ ಓಟದ ದೂರ 2400 ಮೀಟರ್. ಅದರೊಂದಿಗೆ 1200 ಮೀಟರ್‌ನ ಸ್ಪ್ರಿಂಟರ್ಸ್, 1600 ಮೀಟರ್‌ನ ಸೂಪರ್ ಮೈಲ್ ಮತ್ತು 3000 ಮೀಟರ್‌ನ ಸ್ಟೇಯರ್ಸ್ ಕಪ್‌ಗಳೂ ಅದೇ ವಾರಾಂತ್ಯದಲ್ಲಿ ನಡೆಯುತ್ತವೆ.

ಕುದುರೆ ಸಾಕಣೆಗೂ ಈ ಋತುವಿಗೂ ಸಂಬಂಧವಿದೆ. ಹೆಣ್ಣು ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಹಗಲು ದೀರ್ಘವಾಗುತ್ತಾ ಹೋದಂತೆ ಅದು ಬೆದೆಗೆ ಬರುತ್ತದೆ. ಭಾರತದಲ್ಲಿ ಪಂದ್ಯದ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕುವುದರಿಂದ ವರ್ಷದ ಮೊದಲ ತಿಂಗಳುಗಳಲ್ಲಿ ಮರಿಗಳು ಹುಟ್ಟುವಂತೆ ಸಾಕಣೆದಾರರು ನೋಡಿಕೊಳ್ಳುತ್ತಾರೆ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿರುವ ಅಶ್ವಪಾಲನಾ ಕೇಂದ್ರ ದೇಶದ ಅತ್ಯಂತ ಹಳೆಯ ಕೇಂದ್ರಗಳಲ್ಲೊಂದು. ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿ ಸೈನ್ಯಕ್ಕಾಗಿ ಕುದುರೆಗಳನ್ನು ಬೆಳೆಸಲಾಗುತ್ತಿತ್ತು.

ವಸಂತಕಾಲದ ಹವಾಮಾನ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಅದರ ಬೇಸಿಗೆ ದಖನ್ನಿನ ಇತರ ನಗರಗಳಷ್ಟು ಕಠಿಣವಲ್ಲ. ವರ್ಷದ ಅತ್ಯಂತ ಬಿಸಿಯಾದ ತಿಂಗಳು ಏಪ್ರಿಲ್. ಆಗ ಸರಾಸರಿ ಗರಿಷ್ಠ ತಾಪಮಾನ ಸುಮಾರು 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಯಿತು.

ಮಾರ್ಚ್‌ನ ಒಣ ಹವೆಯ ನಂತರ ಏಪ್ರಿಲ್‌ನಿಂದ ಮಧ್ಯಾಹ್ನದ ಗುಡುಗು ಮಳೆ ಆರಂಭವಾಗುತ್ತದೆ. ಬಿಸಿಯಾದ ನೆಲದಿಂದ ಮೇಲೇರುವ ಗಾಳಿಯು ಸಮುದ್ರದ ಕಡೆಯಿಂದ ಬರುವ ತೇವಾಂಶದೊಂದಿಗೆ ಸೇರಿ ಸಂಜೆಯ ಹೊತ್ತಿಗೆ ಎತ್ತರದ ಮೋಡಗಳನ್ನು ಕಟ್ಟುತ್ತದೆ. ಬಿರುಗಾಳಿ, ಸಿಡಿಲು, ಕೆಲವೊಮ್ಮೆ ಆಲಿಕಲ್ಲು ಸಹಿತ ಸುರಿಯುವ ಈ ಮಳೆ ಮಾವಿನ ಫಸಲಿನ ಕಾಲದಲ್ಲಿ ಬರುವುದರಿಂದ ಇದನ್ನು ಮಾವಿನ ಮಳೆ ಎನ್ನುವರು. ರೈತರ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಏಪ್ರಿಲ್ ಮಧ್ಯದಿಂದ ಅಶ್ವಿನಿ, ಬಳಿಕ ಭರಣಿ, ಮೇ ತಿಂಗಳಲ್ಲಿ ಕೃತ್ತಿಕಾ ಮತ್ತು ರೋಹಿಣಿ ಮಳೆಗಳು ಬರುತ್ತವೆ. ಮೊದಲನೆಯದಾದ ಅಶ್ವಿನಿಯ ಸಂಕೇತ ಕುದುರೆಯ ಮುಖ.

ಈ ಮಳೆ ಪ್ರತಿವರ್ಷವೂ ಸಮನಾಗಿ ಬರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ನಗರದಲ್ಲಿ ಮಳೆಯೇ ಆಗಲಿಲ್ಲ. ಆ ಬೇಸಿಗೆಯಲ್ಲಿ ಅನೇಕ ಬಡಾವಣೆಗಳ ಕೊಳವೆಬಾವಿಗಳು ಬತ್ತಿ ನೀರಿನ ತೀವ್ರ ಅಭಾವ ಉಂಟಾಯಿತು. ಅದೇ ವರ್ಷ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದು, 1891ರಿಂದ ಉಳಿದಿದ್ದ ಜೂನ್ ತಿಂಗಳ ದೈನಂದಿನ ದಾಖಲೆ ಮುರಿಯಿತು.

ಹವೆ ಮತ್ತು ಓಟದ ಹಾದಿ

ಪಂದ್ಯದ ಹಾದಿ ಹುಲ್ಲಿನದಾದುದರಿಂದ ಹವೆಯ ಬದಲಾವಣೆ ನೇರವಾಗಿ ಓಟದ ಮೇಲೆ ಪರಿಣಾಮ ಬೀರುತ್ತದೆ. ಬಿಸಿಲಿಗೆ ನೆಲ ಗಟ್ಟಿಯಾದರೆ ಕುದುರೆಯ ಮುಂಗಾಲಿನ ಮೂಳೆ ಮತ್ತು ಸ್ನಾಯುರಜ್ಜುಗಳ ಮೇಲೆ ಹೊಡೆತ ಹೆಚ್ಚುತ್ತದೆ. ಮಳೆಯಿಂದ ನೆಲ ಮೆತ್ತಗಾದರೆ ಓಟ ನಿಧಾನವಾಗುತ್ತದೆ ಮತ್ತು ಕಾಲು ಜಾರುವ ಅಪಾಯವಿರುತ್ತದೆ. ಆದ್ದರಿಂದ ಪಂದ್ಯದ ದಿನ ನೆಲದ ಮೃದುತ್ವವನ್ನು ಪೆನೆಟ್ರೋಮೀಟರ್ ಎಂಬ ಉಪಕರಣದಿಂದ ಅಳೆದು ಪ್ರಕಟಿಸುತ್ತಾರೆ. ಪಂದ್ಯಗಳ ಬಿಡುವು ಹುಲ್ಲು ಮತ್ತೆ ಚಿಗುರಲು ಮತ್ತು ಹಾದಿಯನ್ನು ದುರಸ್ತಿ ಮಾಡಲು ಅವಕಾಶ ನೀಡುತ್ತದೆ.

ಕುದುರೆ ಮುಖ್ಯವಾಗಿ ಬೆವರಿನ ಮೂಲಕ ಮೈಯ ಉಷ್ಣವನ್ನು ಕಳೆದುಕೊಳ್ಳುತ್ತದೆ. ಬೆವರಿನೊಂದಿಗೆ ಲವಣಾಂಶವೂ ಹೋಗುವುದರಿಂದ ಬೇಸಿಗೆಯಲ್ಲಿ ನೀರಿನ ಜೊತೆ ಲವಣಗಳನ್ನು ಕೊಡಬೇಕಾಗುತ್ತದೆ. ಸೆಕೆ ಹೆಚ್ಚಿರುವ ಊರುಗಳಲ್ಲಿ ಕೆಲವು ಕುದುರೆಗಳು ಬೆವರುವ ಶಕ್ತಿಯನ್ನೇ ಕಳೆದುಕೊಳ್ಳುವುದುಂಟು. ಈ ಕಾರಣದಿಂದ ತರಬೇತಿ ನಸುಕಿನಲ್ಲಿಯೇ ನಡೆಯುತ್ತದೆ. ಓಟ ಮುಗಿಸಿದ ಕುದುರೆಯನ್ನು ಲಾಯದ ಸೈಸ್‌ಗಳು ನಿಧಾನವಾಗಿ ನಡೆಸಿ, ಮೈತೊಳೆದು ತಂಪು ಮಾಡುತ್ತಾರೆ. ಪಂದ್ಯಗಳು ನಿಂತಾಗಲೂ ಇವರ ಕೆಲಸ ನಿಲ್ಲುವುದಿಲ್ಲ.

ಬೆಟ್ಟದ ಪಂದ್ಯಗಳು

ಬಯಲಿನ ಬಿಸಿಲು ಏರುವ ಈ ತಿಂಗಳುಗಳಲ್ಲಿ ದಕ್ಷಿಣ ಭಾರತದ ಪಂದ್ಯಗಳು ಬಹುಕಾಲ ಊಟಿಗೆ ಸಾಗುತ್ತಿದ್ದವು. ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಹೆಚ್ಚು ಎತ್ತರದ ಆ ಗಿರಿಧಾಮದಲ್ಲಿ ಮದ್ರಾಸ್ ರೇಸ್ ಕ್ಲಬ್ ನಡೆಸುತ್ತಿದ್ದ ಪಂದ್ಯಗಳು ಸಾಮಾನ್ಯವಾಗಿ ತಮಿಳು ಹೊಸವರ್ಷದ ದಿನವಾದ ಏಪ್ರಿಲ್ 14ರಂದು ಆರಂಭವಾಗುತ್ತಿದ್ದವು. ಬೆಂಗಳೂರಿನ ಕುದುರೆಗಳೂ ಸವಾರರೂ ಅಲ್ಲಿಗೆ ಹೋಗುತ್ತಿದ್ದರು. ಗುತ್ತಿಗೆ ಬಾಕಿಯ ವಿವಾದದ ಬಳಿಕ 2024ರ ಜುಲೈನಲ್ಲಿ ತಮಿಳುನಾಡು ಸರ್ಕಾರ ಊಟಿಯ ಮೈದಾನವನ್ನು ವಶಕ್ಕೆ ತೆಗೆದುಕೊಂಡಿತು.

ಹೂಬಿಡುವ ಮರಗಳು

ಪಂದ್ಯಗಳ ಬಿಡುವಿನ ಕಾಲ ನಗರದಲ್ಲಿ ಮರಗಳು ಹೂಬಿಡುವ ಕಾಲವೂ ಹೌದು. ಫೆಬ್ರವರಿ, ಮಾರ್ಚ್‌ಗಳಲ್ಲಿ ತಬೆಬೂಯಾ ಮರಗಳು ಗುಲಾಬಿ ಮತ್ತು ಹಳದಿ ಹೂಗಳಿಂದ ತುಂಬುತ್ತವೆ. ನಂತರ ಜಕರಂಡದ ನೇರಳೆ ಹೂ, ಹೊಂಗೆಯ ಹೊಸ ಚಿಗುರು ಮತ್ತು ಹೂ, ಏಪ್ರಿಲ್ ಕೊನೆಗೆ ಗುಲ್‌ಮೊಹರ್‌ನ ಕೆಂಪು ಕಾಣಿಸಿಕೊಳ್ಳುತ್ತವೆ. ಒಂದರ ನಂತರ ಒಂದು ಹೂಬಿಡುವಂತೆ ಬೀದಿಮರಗಳನ್ನು ಆಯ್ದು ನೆಡುವ ಪದ್ಧತಿಯನ್ನು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ಸಸ್ಯತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಹೆಸರಿನೊಂದಿಗೆ ಗುರುತಿಸುತ್ತಾರೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ 1980ರ ದಶಕದಲ್ಲಿ ನಗರದಾದ್ಯಂತ ದೊಡ್ಡ ಪ್ರಮಾಣದಲ್ಲಿ ಮರಗಳನ್ನು ನೆಡಿಸಿದರು.

ಹಬ್ಬಗಳು ಮತ್ತು ಜಾತ್ರೆಗಳು

ದಂಡು ಮತ್ತು ಪೂರ್ವ ಬೆಂಗಳೂರಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಭಾಷಿಕರು ಒಟ್ಟಿಗೆ ನೆಲೆಸಿರುವುದರಿಂದ ವಸಂತದ ಆಚರಣೆಗಳಲ್ಲಿ ವೈವಿಧ್ಯವಿದೆ. ಮುಖ್ಯವಾದವು ಇವು:

ಯುಗಾದಿ: ಚೈತ್ರ ಶುದ್ಧ ಪಾಡ್ಯದಂದು ಬೇವು ಬೆಲ್ಲ ಹಂಚಿ ಹೊಸ ಸಂವತ್ಸರವನ್ನು ಸ್ವಾಗತಿಸುತ್ತಾರೆ. ಹಿಂದಿನ ದಿನಗಳಲ್ಲಿ ಕೃಷ್ಣರಾಜಪುರದ ಸಂತೆಯಲ್ಲಿಯೂ 1927ರಲ್ಲಿ ನಿರ್ಮಾಣವಾದ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿಯೂ ಮಾವಿನೆಲೆ, ಬೇವಿನ ಹೂ ಮತ್ತು ಹೂಮಾಲೆಗಳ ವ್ಯಾಪಾರ ಹೆಚ್ಚುತ್ತದೆ.

ರಾಮನವಮಿ: ಬೀದಿಬದಿಯ ಚಪ್ಪರಗಳಲ್ಲಿ ದಾರಿಹೋಕರಿಗೆ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ದೇಹ ತಂಪಾಗಿಸುವ ಈ ತಿನಿಸುಗಳು ಋತುವಿಗೆ ಹೊಂದಿದವು.

ಬೆಂಗಳೂರು ಕರಗ: ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ನೀಡುತ್ತದೆ. ಇದು ಹಳೆಯ ಪೇಟೆಯ ಉತ್ಸವವಾದರೂ ನಗರದ ಎಲ್ಲ ಭಾಗಗಳ ಜನ ಸೇರುತ್ತಾರೆ. ಪೂರ್ವದ ಹೊಸಕೋಟೆ ಮತ್ತು ಕೋಲಾರಗಳಲ್ಲಿಯೂ ಕರಗ ನಡೆಯುತ್ತದೆ.

ಹಲಸೂರಿನ ಉತ್ಸವಗಳು: ಹಲಸೂರಿನ ಸೋಮೇಶ್ವರ ದೇವಾಲಯ ನಗರದ ಅತ್ಯಂತ ಹಳೆಯ ದೇವಾಲಯಗಳಲ್ಲೊಂದು, ವಿಜಯನಗರ ಕಾಲದಲ್ಲಿ ವಿಸ್ತಾರಗೊಂಡಿತು. ವಸಂತದಲ್ಲಿ ಇಲ್ಲಿ ಬ್ರಹ್ಮ ರಥೋತ್ಸವ ನಡೆಯುತ್ತದೆ. ಪಲ್ಲಕ್ಕಿ ಉತ್ಸವದ ರಾತ್ರಿ ಸುತ್ತಲಿನ ದೇವಾಲಯಗಳ ಹೂವಿನ ಪಲ್ಲಕ್ಕಿಗಳು ಒಂದರ ಹಿಂದೆ ಒಂದು ಬೀದಿಗಳಲ್ಲಿ ಸಾಗುತ್ತವೆ. ಮಾವಿನ ಮಳೆ ಇದೇ ದಿನಗಳಲ್ಲಿ ಬರುವುದರಿಂದ ಹೂವಿನ ಅಲಂಕಾರಕ್ಕೆ ಸಂಜೆಯ ಮಳೆಯ ಆತಂಕ ಇದ್ದೇ ಇರುತ್ತದೆ.

ವೈಶಾಖಿ ಮತ್ತು ಈಸ್ಟರ್: ಹಲಸೂರು ಕೆರೆಯ ಸಮೀಪದ ಗುರುದ್ವಾರದಲ್ಲಿ ಏಪ್ರಿಲ್ ಮಧ್ಯದಲ್ಲಿ ವೈಶಾಖಿ ಆಚರಿಸುತ್ತಾರೆ. ದಂಡಿನ ಚರ್ಚುಗಳಲ್ಲಿ ಶುಭ ಶುಕ್ರವಾರ ಮತ್ತು ಈಸ್ಟರ್ ಆರಾಧನೆಗಳು ನಡೆಯುತ್ತವೆ.

ಏಪ್ರಿಲ್‌ನಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವು ಪೂರ್ವ ಬೆಂಗಳೂರಿನ ಮಾರುಕಟ್ಟೆಗಳಿಗೆ ಬರತೊಡಗುತ್ತದೆ. ಬೇಸಿಗೆ ಅವಧಿಯ ಮೊದಲ ಪಂದ್ಯಗಳ ಹೊತ್ತಿಗೆ ಮಾವಿನ ಸುಗ್ಗಿ ಭರದಲ್ಲಿರುತ್ತದೆ.

ಕಾನೂನು ಮತ್ತು ಭೂವಿವಾದ

ಕುದುರೆ ಪಂದ್ಯ ಜೂಜೇ ಅಥವಾ ಕೌಶಲದ ಆಟವೇ ಎಂಬ ಪ್ರಶ್ನೆ ಹಳೆಯದು. ಮದ್ರಾಸಿನ ಪಂದ್ಯಗಳಿಗೆ ಸಂಬಂಧಿಸಿದ ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಇದನ್ನು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಮಾನಿಸಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಪಂದ್ಯಗಳ ಬಾಜಿಯನ್ನು ಶೇ. 28ರ ದರಕ್ಕೆ ಸೇರಿಸಲಾಯಿತು.

ಸರ್ಕಾರಿ ಭೂಮಿಯಾದ ಮೈದಾನದ ಗುತ್ತಿಗೆ 2009ರ ಕೊನೆಗೆ ಮುಗಿಯಿತು. ಮೈದಾನವನ್ನು ನಗರದ ಹೊರಗೆ ಸ್ಥಳಾಂತರಿಸಿ, ಈ ಜಾಗವನ್ನು ಸಾರ್ವಜನಿಕ ಉದ್ಯಾನವಾಗಿಸಬೇಕೆಂಬ ಸರ್ಕಾರದ ನಿಲುವು ನ್ಯಾಯಾಲಯಗಳವರೆಗೆ ಹೋಯಿತು. ನಗರದ ನಡುವಿನ ತೆರೆದ ಬಯಲು ಎಲ್ಲರ ಬಳಕೆಗೆ ಸಿಗಬೇಕೆಂಬುದು ಒಂದು ವಾದ. ಸ್ಥಳಾಂತರದಿಂದ ಸೈಸ್‌ಗಳು, ಸವಾರರು, ತರಬೇತುದಾರರು ಮತ್ತು ಲಾಳ ಹೊಡೆಯುವವರ ಜೀವನೋಪಾಯಕ್ಕೆ ಧಕ್ಕೆಯಾಗುತ್ತದೆ ಎಂಬುದು ಇನ್ನೊಂದು. ಬಾಜಿಯಿಂದ ಕುಟುಂಬಗಳು ಸಾಲಕ್ಕೆ ಸಿಲುಕುವುದು ಮತ್ತು ಓಟದಲ್ಲಿ ಕುದುರೆಗಳಿಗಾಗುವ ಗಾಯಗಳು ಪಂದ್ಯಗಳ ವಿರುದ್ಧ ಕೇಳಿಬರುವ ಇತರ ಆಕ್ಷೇಪಗಳು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪಂದ್ಯಗಳಿಗೆ ಪರವಾನಗಿ ನಿರಾಕರಿಸಿದಾಗ ವಿಷಯ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು.

ಇವನ್ನೂ ನೋಡಿ

ಬೆಂಗಳೂರು ದಂಡು ಪ್ರದೇಶ
ಹಲಸೂರು ಸೋಮೇಶ್ವರ ದೇವಾಲಯ
ಬೆಂಗಳೂರು ಕರಗ
ಮೈಸೂರು ಲ್ಯಾನ್ಸರ್ಸ್
ಮಳೆ ನಕ್ಷತ್ರಗಳು