ರಿವಾಲ್ವರ್ ನಳಿಗೆಗೂ ಲೈನರ್ ಹಾಕುತ್ತಾರೆ!

ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ ಹೊಗೆ ಕಾರತೊಡಗಿದರೆ ಮೆಕ್ಯಾನಿಕ್ ಏನು ಹೇಳುತ್ತಾನೆ? ‘ಬ್ಲಾಕ್ ಗಟ್ಟಿಯಾಗಿದೆ, ಲೈನರ್ ಸವೆದಿದೆ, ಅದನ್ನಷ್ಟೇ ಬದಲಾಯಿಸೋಣ’ ಅನ್ನುತ್ತಾನೆ. ನೂರೈವತ್ತು ವರ್ಷ ಹಳೆಯ ರಿವಾಲ್ವರ್‌ಗಳ ನಳಿಗೆಗೂ ಅಮೆರಿಕ, ಇಂಗ್ಲೆಂಡಿನ ಕುಶಲಕರ್ಮಿಗಳು ಇದೇ ಉಪಾಯ ಮಾಡುತ್ತಾರೆ. ಆ ನಳಿಗೆಗಳು ಯಾಕೆ ಹಾಳಾದವು ಎಂದು ಹುಡುಕುತ್ತ ಹೋದರೆ ಒಂದು ಒಳ್ಳೆಯ ಚರಿತ್ರೆಯೇ ಸಿಗುತ್ತದೆ.

ಅಂಚಿನಲ್ಲಿ ಮದ್ದು

ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವರಿಗೆ ಪಾಯಿಂಟ್ ಟೂ ಟೂ ರೈಫಲ್ ನೆನಪಿರುತ್ತದೆ. ಅದರ ಪುಟ್ಟ ಕಾಡತೂಸಿನ ಬುಡದ ಅಂಚಿನೊಳಗೆ ಕಿಡಿ ಹೊತ್ತಿಸುವ ಮದ್ದು ಇರುತ್ತದೆ. ಅಂಚಿಗೆ ಪೆಟ್ಟು ಬಿದ್ದರೆ ಗುಂಡು ಹಾರುತ್ತದೆ. ಇದಕ್ಕೆ ರಿಮ್‌ಫೈರ್ ಎಂದು ಹೆಸರು.

1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೆರ್ ಎಂಬಾತ ಮನೆಯೊಳಗೆ ಗುರಿ ಹೊಡೆಯುವ ಆಟಕ್ಕೆ ಇಂಥದ್ದೊಂದು ಚಿಕ್ಕ ಕಾಡತೂಸು ಮಾಡಿದ್ದ. ಅಮೆರಿಕದ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸ್ಸನ್ ಅದನ್ನು ಉದ್ದ ಮಾಡಿ, ಒಳಗೆ ಕರಿಮದ್ದು ತುಂಬಿದರು. 1857ರಲ್ಲಿ ಅವರ ‘ಮಾಡೆಲ್ 1’ ರಿವಾಲ್ವರ್ ಬಂತು. ಏಳು ಗುಂಡು ಹಿಡಿಸುತ್ತಿದ್ದ, ಜೇಬಿನಲ್ಲಿ ಕೂರುವಷ್ಟು ಚಿಕ್ಕ ಆಯುಧ ಅದು.

ಅಲ್ಲಿಯವರೆಗೆ ಹೆಚ್ಚಿನ ರಿವಾಲ್ವರ್‌ಗಳಿಗೆ ಮದ್ದು, ಗುಂಡು, ಕೇಪು ಬೇರೆ ಬೇರೆಯಾಗಿ ತುಂಬಬೇಕಿತ್ತು. ಈಗ ಸಿಲಿಂಡರಿನ ಹಿಂದಿನಿಂದ ಕಾಡತೂಸು ತೂರಿಸಿದರೆ ಸಾಕು. ಹೀಗೆ ಸಿಲಿಂಡರನ್ನು ಆರುಪಾರು ಕೊರೆಯುವ ಪೇಟೆಂಟ್ 1855ರಿಂದ ರೋಲಿನ್ ವೈಟ್ ಎಂಬಾತನ ಬಳಿ ಇತ್ತು. ಒಂದು ರಿವಾಲ್ವರ್‌ಗೆ 25 ಸೆಂಟ್ ಅವನಿಗೆ ಕೊಡುವುದೆಂದು ಒಪ್ಪಂದವಾಯಿತು. ಆದರೆ ಬೇರೆಯವರು ನಕಲು ಮಾಡಿದರೆ ಕೋರ್ಟಿನ ಖರ್ಚೆಲ್ಲ ಅವನದೇ! ದಾವೆ ಹೂಡಿ ಹೂಡಿಯೇ ವೈಟ್ ಸೋತುಹೋದ. 1869ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಅದನ್ನು ವಿಸ್ತರಿಸಲು ಬಂದ ಮಸೂದೆಯನ್ನು 1870ರಲ್ಲಿ ಅಧ್ಯಕ್ಷ ಗ್ರಾಂಟ್ ತಿರಸ್ಕರಿಸಿದರು.

ತಿಂದದ್ದು ಉಪ್ಪು

ನಳಿಗೆಯ ಒಳಗೆ ಸ್ಕ್ರೂ ಮರೆಯಂತೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಗುಂಡು ನೇರ ಹೋಗುತ್ತದೆ. ಗೀರು ಹೋದರೆ ಗುಂಡು ಲಾಗ ಹಾಕುತ್ತ ಹೋಗಿ, ಗುರಿ ಹಲಗೆಗೆ ಅಡ್ಡಡ್ಡ ಬಡಿಯುತ್ತದೆ.

ಈ ಗೀರುಗಳನ್ನು ಗುಂಡೇ ಉಜ್ಜಿ ಸವೆಸಿತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆಗಿನ ಗುಂಡು ಮೆತ್ತನೆಯ ಸೀಸದ್ದು. ನಿಜವಾದ ಶತ್ರು ಒಳಗೇ ಉಳಿಯುತ್ತಿತ್ತು. ಕರಿಮದ್ದಿನ ಮಸಿ ತೇವ ಹೀರುತ್ತದೆ. ಕಿಡಿಮದ್ದಿನಲ್ಲಿ ಸೇರಿಸುತ್ತಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಅಡುಗೆ ಉಪ್ಪಿನ ಜಾತಿಯದೇ ಒಂದು ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದು ನಮಗೆಲ್ಲ ಗೊತ್ತಲ್ಲ? ಹಾಗೆಯೇ ನಳಿಗೆಯೂ ಒದ್ದೆಯಾಗಿ ತುಕ್ಕು ಹಿಡಿಯುತ್ತಿತ್ತು. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಸೋಮಾರಿಗಳ ರಿವಾಲ್ವರ್ ಬೇಗ ಹಾಳಾಯಿತು. 1920ರ ದಶಕದಲ್ಲಿ ರೆಮಿಂಗ್ಟನ್ ಕಂಪನಿ ‘ಕ್ಲೀನ್‌ಬೋರ್’ ಹೆಸರಿನಲ್ಲಿ ತುಕ್ಕು ಹಿಡಿಸದ ಕಾಡತೂಸು ಮಾರತೊಡಗಿತು. ಅಷ್ಟರಲ್ಲಿ ಎಷ್ಟೋ ನಳಿಗೆಗಳ ಕಥೆ ಮುಗಿದಿತ್ತು.

ಹೊರಗೆ ಹಳತು, ಒಳಗೆ ಹೊಸತು

ನಳಿಗೆಯನ್ನೇ ಬದಲಾಯಿಸಬಹುದು. ಆದರೆ ಹಾಗೆ ಮಾಡಿದರೆ ಅದರ ಮೇಲಿನ ತಯಾರಕರ ಮುದ್ರೆಯೂ ಹೋಗುತ್ತದೆ. ಅದಕ್ಕೇ ಲೈನರ್. ಸವೆದ ಒಳಮೈಯನ್ನು ಕೊರೆದು ತೆಗೆದು, ಗೀರುಗಳಿರುವ ತೆಳು ಉಕ್ಕಿನ ಕೊಳವೆಯನ್ನು ಕೂರಿಸಿ ಬೆಸುಗೆ ಹಾಕುತ್ತಾರೆ. ತುದಿಯನ್ನು ನಯಗೊಳಿಸಿದರೆ ಜೋಡಣೆ ಕಣ್ಣಿಗೆ ಕಾಣುವುದೇ ಕಷ್ಟ. ಕೊರೆಯುವಾಗ ಕೂದಲೆಳೆಯಷ್ಟು ಓರೆಯಾದರೂ ಈ ಚಿಕ್ಕ ನಳಿಗೆ ಹಾಳು. ಎಂಜಿನ್ ಲೈನರ್ ಮಾಡಿಸಿದಷ್ಟು ಸಲೀಸಲ್ಲ.

ಇಲ್ಲಿ ಎರಡು ಎಚ್ಚರ ಬೇಕು. ಲೈನರ್ ಹಾಕಿದ ಮಾತ್ರಕ್ಕೆ ರಿವಾಲ್ವರ್ ಗಟ್ಟಿಯಾಗುವುದಿಲ್ಲ. ಮಾಡೆಲ್ 1ರ ಮೊದಲ ರಿವಾಲ್ವರ್‌ಗಳ ಚೌಕಟ್ಟು ಬರೀ ಹಿತ್ತಾಳೆಯದು. ಇಂದಿನ ಕಾಡತೂಸಿನ ಒತ್ತಡ ತಡೆಯುವಂತೆ ಅದನ್ನು ಮಾಡಿರಲಿಲ್ಲ. ಎರಡನೆಯದು, ಪ್ರಾಮಾಣಿಕತೆ. ಲೈನರ್ ಹಾಕಿದ್ದನ್ನು ಮುಚ್ಚಿಟ್ಟು ‘ಅಸಲಿ’ ಎಂದು ಮಾರಿದರೆ ಅದು ಮೋಸ.

ಗುರಿ ಹೊಡೆಯಲು ಇಟ್ಟ ಆಯುಧಕ್ಕೆ ಲೈನರ್ ಸರಿ, ಆ ರಿಪೇರಿಯ ವಿವರವನ್ನು ಬರೆದಿಡಬೇಕು. ವಸ್ತುಸಂಗ್ರಹಾಲಯದಲ್ಲಿ ಇಡುವುದನ್ನು ಮುಟ್ಟದಿರುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಅದರ ಮಾಲೀಕ ನಳಿಗೆ ತೊಳೆಯುತ್ತಿದ್ದನೋ ಇಲ್ಲವೋ ಎಂದು ಹೇಳುವುದು ಒಳಗಿನ ಆ ತುಕ್ಕೇ. ಅದನ್ನು ಕೊರೆದು ಎಸೆದರೆ ಸಾಕ್ಷಿಯೂ ಹೋಯಿತು.

ಓದುಗರಿಗೆ ಕೊನೆಯದೊಂದು ಮಾತು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡುವ ಅಂಗಡಿಗೂ ಲೈಸೆನ್ಸ್ ಬೇಕು. ಅಜ್ಜನ ಕಾಲದ ಲೈಸೆನ್ಸ್ ಕೋವಿ ಮನೆಯಲ್ಲಿದ್ದರೆ ಊರಿನ ಲೇತ್ ಅಂಗಡಿಗೆ ಒಯ್ಯಬೇಡಿ, ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೇ ತೋರಿಸಿ.